ಉಪ್ಪಿನ ಡಬ್ಬಿಗೆ ಕೈ ಹಾಕುವ ಮುನ್ನ

ನಾಯಿ ಎರಡು ಸಲ ಕಕ್ಕಿತೆಂದರೆ ಮನೆಯವರ ಕೈ ಮೊದಲು ಹೋಗುವುದು ಉಪ್ಪಿನ ಡಬ್ಬಿಗೆ. ಒಬ್ಬರು ಅದರ ಬಾಯಿ ಅಗಲಿಸಿ ಹಿಡಿಯುತ್ತಾರೆ, ಇನ್ನೊಬ್ಬರು ತಂಬಿಗೆಯಿಂದ ಉಪ್ಪುನೀರು ಸುರಿಯುತ್ತಾರೆ. ಅದಕ್ಕೂ ಜಗ್ಗದಿದ್ದರೆ ಹುಣಸೆಹುಳಿ, ಆಮೇಲೆ ಹಸಿ ಮೊಟ್ಟೆ, ಹಾಲು, ಕೊನೆಗೆ ಕೊಬ್ಬರಿ ಎಣ್ಣೆ. ಮುನಿರಾಬಾದಿನ ಡ್ಯಾಮ್ ಬದಿಯ ಮನೆಗಳಿರಲಿ, ಕುಷ್ಟಗಿ–ಯಲಬುರ್ಗಾ ಕಡೆಯ ಕುರಿಹಟ್ಟಿಗಳಿರಲಿ, ಮದ್ದಿನ ಪಟ್ಟಿ ಹೆಚ್ಚು ಬದಲಾಗುವುದಿಲ್ಲ. ಹೀಗೆ ಮಾಡುವವರು ನಾಯಿಯ ಮೇಲೆ ಅಕ್ಕರೆ ಇಲ್ಲದವರಲ್ಲ; ಅಕ್ಕರೆ ಇರುವುದರಿಂದಲೇ ಕೈಕಟ್ಟಿ ಕೂರಲಾರರು. ಆದರೆ ಮನುಷ್ಯರ ಊಟ ತಿಂದು ಮಲಗಿದ ನಾಯಿಗೆ ಆ ಊಟ ಮಾಡುವ ಕೇಡಿಗಿಂತ ಮೇಲಿಂದ ಸುರಿದ ಮದ್ದಿನ ಕೇಡೇ ಎಷ್ಟೋ ಸಲ ದೊಡ್ಡದಾಗಿರುತ್ತದೆ. ನಾಯಿ ಹುಷಾರು ತಪ್ಪಿದ ಮೊದಲ ಒಂದು ಗಂಟೆಯಲ್ಲಿ ಏನು ಕುಡಿಸಬೇಕೆಂದು ತಡಕಾಡುವುದಕ್ಕಿಂತ ಅದು ಏನು ತಿಂದಿದೆ, ಎಷ್ಟು ತಿಂದಿದೆ, ಯಾವಾಗ ತಿಂದಿದೆ ಎಂದು ಹುಡುಕುವುದೇ ನಿಜವಾದ ಚಿಕಿತ್ಸೆಯ ಆರಂಭ ಎಂಬುದು ಈ ಬರಹದ ವಾದ. ಅದಕ್ಕೆ ಆಧಾರಗಳು ಪಶುವೈದ್ಯರ ಪುಸ್ತಕದಲ್ಲೂ ಇವೆ, ನಮ್ಮ ಅಡುಗೆಮನೆಯ ಲೆಕ್ಕದಲ್ಲೂ ಸಿಗುತ್ತವೆ.

ಉಪ್ಪಿನಿಂದಲೇ ಶುರು ಮಾಡೋಣ. ನಾಯಿಯ ಮೈತೂಕದ ಪ್ರತಿ ಕಿಲೋಗೆ 2ರಿಂದ 3 ಗ್ರಾಂ ಉಪ್ಪು ಹೊಟ್ಟೆಗೆ ಹೋದರೆ ವಿಷದ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ, 4 ಗ್ರಾಂ ಆಸುಪಾಸು ಹೋದರೆ ಜೀವಕ್ಕೇ ಕುತ್ತು ಎಂದು ಪಶುವೈದ್ಯ ಗ್ರಂಥಗಳು ಹೇಳುತ್ತವೆ. ಸಾರಿಗೆ ಹಾಕುವ ದೊಡ್ಡ ಚಮಚದಲ್ಲಿ ಒಂದು ಚಮಚ ಪುಡಿ ಉಪ್ಪು ಎಂದರೆ ಸುಮಾರು 17–18 ಗ್ರಾಂ. ಹತ್ತು ಕಿಲೋ ತೂಗುವ ನಾಯಿಗೆ ಒಂದು ತಂಬಿಗೆ ನೀರಲ್ಲಿ ಎರಡು ಚಮಚ ಕದಡಿ ಕುಡಿಸಿದರೆ ಗಡಿ ದಾಟಿಯೇ ಹೋಯಿತು. ವಾಂತಿ ಆಗಲಿಲ್ಲವೆಂದು ಮತ್ತೊಂದು ತಂಬಿಗೆ ಕುಡಿಸುವವರೂ ಉಂಟು. ಕುಡಿಸಿದ್ದೆಲ್ಲ ಹೊರಗೆ ಬಂದರೆ ಬದುಕಿತು, ಬರದಿದ್ದರೆ ರಕ್ತದಲ್ಲಿ ಸೋಡಿಯಂ ಏರಿ, ಮೆದುಳಿನ ಜೀವಕೋಶಗಳಿಂದ ನೀರು ಹೊರಗೆ ಎಳೆದುಕೊಂಡು, ನಾಯಿ ತೂರಾಡುತ್ತದೆ, ನಡುಗುತ್ತದೆ, ಫಿಟ್ಸ್ ಬರುತ್ತದೆ. ಮನೆಯವರು ಅದನ್ನು ನೋಡಿ 'ತಿಂದ ವಿಷ ತಲೆಗೇರಿತು' ಎನ್ನುತ್ತಾರೆ. ತಲೆಗೇರಿದ್ದು ಉಪ್ಪು. ಇದರ ಜೊತೆಗೆ ಇನ್ನೊಂದು ಅಪಾಯವೂ ಇದೆ: ಬಲವಂತವಾಗಿ ಬಾಯಿಗೆ ಸುರಿದ ಯಾವ ದ್ರವವೂ ನೇರ ಹೊಟ್ಟೆಗೇ ಹೋಗುತ್ತದೆಂಬ ಖಾತ್ರಿಯಿಲ್ಲ. ಮೊದಲೇ ನಿತ್ರಾಣವಾದ ನಾಯಿಗೆ ನುಂಗುವ ಶಕ್ತಿ ಕುಂದಿರುತ್ತದೆ. ತಲೆ ಮೇಲೆತ್ತಿ ಹಿಡಿದು ಸುರಿದ ಹಾಲೋ ಎಣ್ಣೆಯೋ ಶ್ವಾಸನಾಳಕ್ಕೆ ಇಳಿದರೆ ಎರಡು ದಿನದಲ್ಲಿ ನ್ಯುಮೋನಿಯಾ. ಹೊಟ್ಟೆಯ ಕಾಯಿಲೆಗೆಂದು ಆಸ್ಪತ್ರೆಗೆ ಬರಬೇಕಾದ ನಾಯಿ ಎದೆಯ ಕಾಯಿಲೆಯಿಂದ ಬರುವುದು ಹೀಗೆ.

ಹುಣಸೆಯದು ಇನ್ನೂ ವಿಚಿತ್ರ ಕಥೆ. ದ್ರಾಕ್ಷಿ ಮತ್ತು ಒಣದ್ರಾಕ್ಷಿ ತಿಂದ ಕೆಲವು ನಾಯಿಗಳ ಕಿಡ್ನಿ ಎರಡು ಮೂರು ದಿನಗಳಲ್ಲಿ ಕೆಲಸ ನಿಲ್ಲಿಸುತ್ತದೆ ಎಂಬುದು ಪಶುವೈದ್ಯರಿಗೆ ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ಗೊತ್ತಿತ್ತು. ಯಾಕೆಂದು ಮಾತ್ರ ತಿಳಿದಿರಲಿಲ್ಲ. ಒಂದು ನಾಯಿ ಹಿಡಿಯಷ್ಟು ತಿಂದು ಅರಗಿಸಿಕೊಳ್ಳುತ್ತಿತ್ತು, ಇನ್ನೊಂದು ನಾಲ್ಕು ಹಣ್ಣಿಗೆ ಸಾಯುತ್ತಿತ್ತು. ಅಮೆರಿಕದ ಪ್ರಾಣಿ ವಿಷ ನಿಯಂತ್ರಣ ಕೇಂದ್ರದ ವೈದ್ಯರಿಗೆ ಸುಳಿವು ಸಿಕ್ಕಿದ್ದು ದ್ರಾಕ್ಷಿಯಿಂದಲ್ಲ, ಮಕ್ಕಳು ಆಡುವ ಹಿಟ್ಟಿನ ಗೊಂಬೆಯಿಂದ. ಮನೆಯಲ್ಲೇ ಕಲಸಿದ ಆ ಹಿಟ್ಟಿಗೆ ಬೇಕರಿಯವರು ಬಳಸುವ ಕ್ರೀಮ್ ಆಫ್ ಟಾರ್ಟರ್ ಹಾಕಿದ್ದರು. ಅದನ್ನು ತಿಂದ ನಾಯಿಗೆ ಥೇಟ್ ದ್ರಾಕ್ಷಿ ತಿಂದ ನಾಯಿಯ ಹಾಗೆಯೇ ಕಿಡ್ನಿ ಹೋಯಿತು. ಎರಡರಲ್ಲೂ ಸಮಾನವಾಗಿ ಇದ್ದದ್ದು ಟಾರ್ಟಾರಿಕ್ ಆಮ್ಲ. 2021ರಲ್ಲಿ ಆ ವೈದ್ಯರು ಈ ಊಹೆಯನ್ನು ಪ್ರಕಟಿಸಿದರು. ಮರುವರ್ಷ ಹುಣಸೆಹಣ್ಣು ತಿಂದು ಕಿಡ್ನಿ ಕೆಟ್ಟ ನಾಯಿಗಳ ಪ್ರಕರಣಗಳನ್ನೂ ಅದರ ಜೊತೆ ಸೇರಿಸಿದರು. ಹುಣಸೆ ತಿರುಳಿನ ತೂಕದಲ್ಲಿ ಶೇ 8ರಿಂದ 18ರವರೆಗೆ ಇರುವುದು ಇದೇ ಆಮ್ಲ. ಹಾಗೆಂದು ಸಾರು ಕಲಸಿದ ಅನ್ನ ತಿಂದ ನಾಯಿಯೆಲ್ಲ ಸಾಯುತ್ತದೆಂದು ಗಾಬರಿಯಾಗಬೇಕಿಲ್ಲ. ಒಂದು ಪಾತ್ರೆ ಸಾರಿನಲ್ಲಿ ಕರಗಿದ ನಿಂಬೆ ಗಾತ್ರದ ಹುಣಸೆ ಬೇರೆ, ಹಿಡಿ ಹುಣಸೆ ಕಿವುಚಿ ಗಟ್ಟಿ ರಸ ತೆಗೆದು ಒಂದೇ ನಾಯಿಯ ಗಂಟಲಿಗೆ ಇಳಿಸುವುದು ಬೇರೆ. ಎರಡನೆಯದನ್ನು ಮದ್ದೆಂದು ಕರೆಯುತ್ತಿದ್ದೇವೆ ಎನ್ನುವುದೇ ಇಲ್ಲಿಯ ತಕರಾರು. ಹುಗ್ಗಿ, ಪಾಯಸ, ಶಿರಾ, ಲಾಡುಗಳಿಗೆ ಒಣದ್ರಾಕ್ಷಿ ಧಾರಾಳವಾಗಿ ಬೀಳುವ, ಹೊಲದಲ್ಲೇ ದ್ರಾಕ್ಷಿ ಬೆಳೆಯುವ ಕೊಪ್ಪಳದಂಥ ಜಿಲ್ಲೆಯಲ್ಲಿ ಈ ಮಾತು ದೂರದ ಅಮೆರಿಕದ್ದಾಗಿ ಉಳಿಯುವುದಿಲ್ಲ.

ಇಲ್ಲಿಗೆ ಬರುವಷ್ಟರಲ್ಲಿ ಓದುಗರಿಂದ ಒಂದು ಆಕ್ಷೇಪ ಬಂದೇ ಬರುತ್ತದೆ: 'ನಮ್ಮ ಹಳ್ಳಿ ನಾಯಿಗೆ ಇದೆಲ್ಲ ಏನೂ ಆಗಂಗಿಲ್ರಿ. ರೊಟ್ಟಿ, ನುಚ್ಚು, ಮಜ್ಜಿಗಿ ತಿಂದ ಬೆಳದಾವು.' ಈ ಮಾತನ್ನು ಪಟ್ಟಣದವರು ನಗುತ್ತ ತಳ್ಳಿಹಾಕುವುದುಂಟು. ತಳ್ಳಬಾರದು, ಅದರಲ್ಲಿ ಅರ್ಧ ಸತ್ಯವಲ್ಲ, ಮುಕ್ಕಾಲು ಸತ್ಯವಿದೆ. 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳ ತಂಡವೊಂದು ತೋಳ ಮತ್ತು ನಾಯಿಗಳ ಜೀನುಗಳನ್ನು ಹೋಲಿಸಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪಿಷ್ಟವನ್ನು ಕರಗಿಸುವ ಅಮೈಲೇಸ್ ಜೀನಿನ ಪ್ರತಿಗಳು ತೋಳದಲ್ಲಿ ಎರಡೇ ಇದ್ದರೆ ನಾಯಿಗಳಲ್ಲಿ ನಾಲ್ಕರಿಂದ ಮೂವತ್ತರವರೆಗೂ ಇವೆ. ಮನುಷ್ಯ ಬೇಸಾಯಕ್ಕಿಳಿದು ಕಾಳು ಬೇಯಿಸಿ ತಿನ್ನತೊಡಗಿದಾಗ ಅವನ ತಿಪ್ಪೆಯ ಬಳಿ ಸುಳಿದಾಡಿದ ಪ್ರಾಣಿ ಆ ಎಂಜಲಿಗೆ ತಕ್ಕಂತೆ ತನ್ನ ಹೊಟ್ಟೆಯನ್ನೇ ಬದಲಿಸಿಕೊಂಡಿತು. ಆದ್ದರಿಂದ ಜೋಳದ ರೊಟ್ಟಿ ನಾಯಿಗೆ ವಿಷವಲ್ಲ, ಅದು ಅದರ ವಂಶದ ಊಟ. ಕುರಿ ಕಾಯುವವರ ಬೆನ್ನ ಹಿಂದೆ ಬರುವ ನಾಯಿ ನುಚ್ಚು ಮಜ್ಜಿಗೆಯಲ್ಲಿ ದಷ್ಟಪುಷ್ಟವಾಗಿ ಇರುವುದರಲ್ಲಿ ಆಶ್ಚರ್ಯವಿಲ್ಲ. ಚೀಲದ ಡಾಗ್ ಫುಡ್ ಇಲ್ಲದಿದ್ದರೆ ನಾಯಿ ಸಾಕಲೇ ಬಾರದು ಎನ್ನುವ ಹೊಸ ಉಪದೇಶಕ್ಕೆ ಆಧಾರ ಸಾಲದು.

ಆದರೆ ಆ ಮಾತಿನ ಉಳಿದ ಕಾಲುಭಾಗದಲ್ಲಿ ಎರಡು ತೊಡಕುಗಳಿವೆ. ಬೀದಿಯಲ್ಲಿ ಓಡಾಡುವ ನಾಯಿಯನ್ನು ನೋಡಿ 'ಏನೂ ಆಗಲಿಲ್ಲ' ಎನ್ನುತ್ತೇವೆ. ಏನೋ ಆದ ನಾಯಿ ಕಾಲುವೆ ದಂಡೆಯ ಜಾಲಿ ಪೊದೆಯಲ್ಲಿ ಸತ್ತು ಬಿದ್ದಿರುತ್ತದೆ, ಅದನ್ನು ಲೆಕ್ಕ ಹಿಡಿಯುವವರಿಲ್ಲ. ಬದುಕಿದವುಗಳನ್ನಷ್ಟೇ ಎಣಿಸಿ ಬರೆದ ಲೆಕ್ಕ ಅದು. ಎರಡನೆಯದಾಗಿ, ರೊಟ್ಟಿ ಹಳೆಯದಾದರೂ ಅದರ ಜೊತೆ ತಟ್ಟೆಗೆ ಬರುವುದು ಹಳೆಯದಲ್ಲ. ಅಜ್ಜಿ ಹಾಕುತ್ತಿದ್ದ ಒಣರೊಟ್ಟಿಯ ಜಾಗಕ್ಕೆ ಇಂದು ಬಿರಿಯಾನಿಯ ತಳ, ಗೋಬಿ ಮಂಚೂರಿ, ಹುಟ್ಟುಹಬ್ಬದ ಕೇಕು, ಸಕ್ಕರೆ ಕಾಯಿಲೆಯವರ ಸಿಹಿತಿಂಡಿ ಬಂದಿವೆ. ಇವುಗಳಲ್ಲಿ ಯಾವುದು ಎಷ್ಟು ಕೆಡುಕು ಎಂಬುದು ಪ್ರಮಾಣದ ಪ್ರಶ್ನೆ, ಮತ್ತು ಪ್ರಮಾಣ ಎಂದರೆ ನಾಯಿಯ ತೂಕದ ಪ್ರಶ್ನೆ. ಉಳ್ಳಾಗಡ್ಡಿಯನ್ನೇ ತಗೊಳ್ಳಿ. ಅದರಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಕರಿದರೂ ಒಣಗಿಸಿ ಪುಡಿ ಮಾಡಿದರೂ ಆ ಗುಣ ಹೋಗುವುದಿಲ್ಲ, ಬಳ್ಳೊಳ್ಳಿ ಅದಕ್ಕಿಂತಲೂ ಖಾರ. ಪ್ರತಿ ಕಿಲೋ ಮೈತೂಕಕ್ಕೆ 15ರಿಂದ 30 ಗ್ರಾಂ ಉಳ್ಳಾಗಡ್ಡಿ ಹೋದರೆ ರಕ್ತದಲ್ಲಿ ಬದಲಾವಣೆ ಕಾಣುತ್ತದೆ. ಅಂದರೆ ಹದಿನೈದು ಕಿಲೋದ ಬೀದಿ ನಾಯಿಗೆ ಕಾಲು ಕಿಲೋದಷ್ಟು. ಒಂದು ತುತ್ತು ಪಲ್ಯದಿಂದ ಅದು ಆಗುವುದಿಲ್ಲ. ಆದರೆ ಮೂರು ಕಿಲೋದ ಪೊಮೇರಿಯನ್ ಮರಿಗೆ ಅರ್ಧ ಗಡ್ಡೆ ಸಾಕು, ದಿನವೂ ಸ್ವಲ್ಪ ಸ್ವಲ್ಪ ಹೋದರೂ ಸೇರಿ ಸೇರಿ ಅದೇ ಗತಿ. ಯಲಬುರ್ಗಾ, ಕುಷ್ಟಗಿ ಕಡೆ ಉಳ್ಳಾಗಡ್ಡಿ ರಾಶಿ ಬಿದ್ದ ಕಾಲದಲ್ಲಿ ಮನೆಯ ಮುಸುರೆಯಲ್ಲಿ ಅದರ ಪಾಲು ಹೆಚ್ಚೇ ಇರುತ್ತದೆ.

ಚಾಕೊಲೇಟಿನ ಲೆಕ್ಕವೂ ಹೀಗೆಯೇ. ಅದರಲ್ಲಿರುವ ಥಿಯೊಬ್ರೊಮಿನ್ ಎಂಬ ವಸ್ತುವನ್ನು ನಾಯಿಯ ಲಿವರ್ ಬಹಳ ನಿಧಾನವಾಗಿ ಹೊರಹಾಕುತ್ತದೆ. ಕಿಲೋಗೆ 20 ಮಿಲಿಗ್ರಾಂ ಹೋದರೆ ವಾಂತಿ–ಭೇದಿ, 40–50ಕ್ಕೆ ಎದೆಬಡಿತ ಏರುಪೇರು, 60 ದಾಟಿದರೆ ಫಿಟ್ಸ್. ಹಾಲಿನ ಚಾಕೊಲೇಟಿನ ಒಂದು ಗ್ರಾಮಿನಲ್ಲಿ ಸುಮಾರು 2 ಮಿಲಿಗ್ರಾಂ ಇರುತ್ತದೆ. ಐದು ರೂಪಾಯಿಯ ಬಾರಿಗೆ ಹದಿನೈದು ಕಿಲೋದ ನಾಯಿ ಬೀಳುವುದಿಲ್ಲ. ಆದರೆ ಕೇಕಿಗೆಂದು ತಂದಿಟ್ಟ ಕೋಕೋ ಪುಡಿಯಲ್ಲಿ ಅದರ ಹತ್ತು ಪಟ್ಟು ಇರಬಹುದು, ಡಬ್ಬಿ ಉರುಳಿಸಿ ನೆಕ್ಕಿದರೆ ಕಥೆ ಬೇರೆ. ಇವೆಲ್ಲಕ್ಕಿಂತ ಬೇಗ ಕೊಲ್ಲುವುದು ಯಾರೂ ವಿಷವೆಂದು ಅಂದುಕೊಳ್ಳದ ಕ್ಸೈಲಿಟಾಲ್. ಸಕ್ಕರೆಯಿಲ್ಲದ ಚೂಯಿಂಗ್ ಗಮ್, ಕೆಲವು ಟೂತ್‌ಪೇಸ್ಟ್, ಡಯಾಬಿಟಿಸ್‌ನವರಿಗೆಂದು ಮಾರುವ ಕೆಲವು ತಿನಿಸುಗಳಲ್ಲಿ ಇರುವ ಈ ಸಿಹಿ ಮನುಷ್ಯರಿಗೆ ನಿರಪಾಯ. ನಾಯಿಯಲ್ಲಿ ಮಾತ್ರ ಅದು ಇನ್ಸುಲಿನ್ ಉಕ್ಕಿಸಿ, ಅರ್ಧ ಗಂಟೆಯೊಳಗೆ ರಕ್ತದ ಸಕ್ಕರೆಯನ್ನು ಪಾತಾಳಕ್ಕೆ ಇಳಿಸುತ್ತದೆ; ಕಿಲೋಗೆ 0.1 ಗ್ರಾಂ ಸಾಕು, 0.5 ಗ್ರಾಂ ದಾಟಿದರೆ ಲಿವರ್ ಕೆಡುತ್ತದೆ. ಐದು ಕಿಲೋದ ನಾಯಿಗೆ ಒಂದೆರಡು ಗಮ್ ತುಣುಕು ಎಂದರೆ ಇಷ್ಟಾಗಿಬಿಡಬಹುದು. ಹೀಗೆ ಉಳ್ಳಾಗಡ್ಡಿಯ ಕೇಡು ಮೂರು ದಿನಕ್ಕೆ ಕಾಣಿಸಿದರೆ ಗಮ್ಮಿನ ಕೇಡು ಮೂವತ್ತು ನಿಮಿಷಕ್ಕೆ ಕಾಣಿಸುತ್ತದೆ. ಎರಡಕ್ಕೂ ಒಂದೇ ಉಪ್ಪುನೀರು ಮದ್ದಾಗುವುದು ಹೇಗೆ?

ಮುನಿರಾಬಾದಿನ ಮಟ್ಟಿಗೆ ಕೋಕೋ ಪುಡಿಗಿಂತ ಎಲುಬು ಮತ್ತು ಕೊಬ್ಬಿನ ಮಾತೇ ಹೆಚ್ಚು ಹತ್ತಿರದ್ದು. ಊರಿಗೆ ಅಂಟಿಕೊಂಡಿರುವ ಹುಲಿಗಿಯಲ್ಲಿ ಮಂಗಳವಾರ, ಶುಕ್ರವಾರ, ಹುಣ್ಣಿಮೆ ಬಂತೆಂದರೆ ಹುಲಿಗೆಮ್ಮನ ಭಕ್ತರು ಕಿಕ್ಕಿರಿಯುತ್ತಾರೆ. ದೂರದಿಂದ ಬಂದವರು ಬಯಲಿನಲ್ಲೇ ಮೂರು ಕಲ್ಲಿಟ್ಟು ಒಲೆ ಹೂಡಿ ಹರಕೆಯ ಅಡುಗೆ ಮಾಡುತ್ತಾರೆ, ಉಂಡು ಎಲೆ ಎಸೆಯುತ್ತಾರೆ. ಅತ್ತ ಜನವರಿಯಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ದಾಸೋಹದಲ್ಲಿ ಮಿರ್ಚಿ ಬಜ್ಜಿಯನ್ನು ಲಕ್ಷಗಟ್ಟಲೆ ಕರಿಯುತ್ತಾರೆ. ನಾಯಿಗೆ ಎಲುಬು ಅಂದರೆ ಪ್ರಾಣ, ಸರಿ. ಆದರೆ ಹಸಿ ಎಲುಬು ಸ್ವಲ್ಪ ಬಾಗುತ್ತದೆ, ಬೆಂದ ಎಲುಬು ಸೀಳಿ ಚೂಪಾಗುತ್ತದೆ. ಕೋಳಿಯ ಕಾಲೆಲುಬು, ಕುರಿಯ ಪಕ್ಕೆಲುಬಿನ ಚೂರುಗಳು ಗಂಟಲಲ್ಲಿ, ಕರುಳಲ್ಲಿ ಸಿಕ್ಕಿಕೊಳ್ಳುತ್ತವೆ, ಕೆಲವೊಮ್ಮೆ ಕರುಳನ್ನೇ ಚುಚ್ಚುತ್ತವೆ. ಜಗಿದು ನುಂಗಿದ ಪುಡಿ ಗುದದ್ವಾರದ ಹತ್ತಿರ ಸಿಮೆಂಟಿನಂತೆ ಗಟ್ಟಿಯಾಗಿ ನಾಯಿ ಮುಕ್ಕಿ ಮುಕ್ಕಿ ಸೋಲುತ್ತದೆ. ಇಂಥ ನಾಯಿಗೆ ವಾಂತಿ ಮಾಡಿಸಿದರೆ ಹೋಗುವಾಗ ಗೀರದ ಎಲುಬು ಬರುವಾಗ ಅನ್ನನಾಳವನ್ನು ಗೀರುತ್ತದೆ. ಕೊಬ್ಬಿನ ಸಂಗತಿ ಇನ್ನೊಂದು ಬಗೆ. ಒಂದೇ ಹೊತ್ತಿಗೆ ಎಣ್ಣೆ ಜಿಡ್ಡು ಹೊಟ್ಟೆ ತುಂಬ ತಿಂದ ನಾಯಿಗೆ ಒಂದೆರಡು ದಿನದಲ್ಲಿ ಮೇದೋಜೀರಕ ಗ್ರಂಥಿ ಬಾತುಕೊಳ್ಳಬಹುದು. ಅಂಥ ನಾಯಿ ಮುಂಗಾಲುಗಳನ್ನು ನೆಲಕ್ಕೆ ಚಾಚಿ, ಎದೆ ಊರಿ, ಹಿಂಭಾಗವನ್ನು ಮಾತ್ರ ಎತ್ತಿ ನಿಲ್ಲುತ್ತದೆ; ನೋಡಿದವರಿಗೆ ಮೈಮುರಿಯುತ್ತಿರುವಂತೆ ಕಾಣುತ್ತದೆ, ಅದು ಹೊಟ್ಟೆನೋವಿನ ಭಂಗಿ. ಅದಕ್ಕೆ ಕೊಬ್ಬರಿ ಎಣ್ಣೆ ಕುಡಿಸುವುದೆಂದರೆ ಉರಿಯುವ ಒಲೆಗೆ ಎಣ್ಣೆ ಸುರಿದಂತೆ.

ಇನ್ನು ಊಟವೇ ಅಲ್ಲದ ಊಟ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ, ಗಂಗಾವತಿಯ ಗದ್ದೆಗಳಲ್ಲಿ ಭತ್ತ ತೆನೆಗಟ್ಟಿದಾಗ ಇಲಿಗೆಂದು ಇಡುವ ಜಿಂಕ್ ಫಾಸ್ಫೈಡ್ ಪಾಷಾಣವನ್ನು ಅಕ್ಕಿ ನುಚ್ಚು, ಎಣ್ಣೆಯ ಜೊತೆ ಕಲಸಿಯೇ ಇಡುತ್ತಾರೆ. ನಾಯಿಯ ಮೂಗಿಗೆ ಅದು ಎಣ್ಣೆ ಅನ್ನ. ಮನೆಯವರು 'ಬೆಳಿಗ್ಗೆ ಅನ್ನ ತಿಂದಿತ್ತು, ಅದೇ ಆಗಿಬರಲಿಲ್ಲ' ಎಂದುಕೊಳ್ಳುತ್ತಾರೆ, ಮತ್ತು ಹಾಲು ಕುಡಿಸಿ ರೊಟ್ಟಿ ತಿನ್ನಿಸುತ್ತಾರೆ. ಈ ಪಾಷಾಣ ಕೊಲ್ಲುವುದು ಹೊಟ್ಟೆಯ ಆಮ್ಲದ ಜೊತೆ ಸೇರಿ ಫಾಸ್ಫೀನ್ ಅನಿಲವಾದಾಗ. ಹೊಟ್ಟೆಗೆ ಊಟ ಬಿದ್ದರೆ ಆಮ್ಲ ಹೆಚ್ಚುತ್ತದೆ, ಆಮ್ಲ ಹೆಚ್ಚಿದರೆ ಅನಿಲ ಹೆಚ್ಚುತ್ತದೆ. ಅಂಥ ನಾಯಿ ಕಕ್ಕಿದ್ದು ಬಳ್ಳೊಳ್ಳಿಯ ಹಾಗೋ ಕೊಳೆತ ಮೀನಿನ ಹಾಗೋ ನಾರುತ್ತದೆ. ಆ ಗಾಳಿ ಮನುಷ್ಯರಿಗೂ ಅಪಾಯ, ಕಿಟಕಿ ಬಾಗಿಲು ತೆರೆದು ದೂರ ಸರಿಯಬೇಕು. ಜೊಲ್ಲು ಧಾರೆಯಾಗಿ ಸುರಿದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿ, ಮೈಯ ಮಾಂಸ ಪಟಪಟನೆ ಅದುರುತ್ತಿದ್ದರೆ ಅದು ಕೀಟನಾಶಕದ ಗುರುತು. ಅದಕ್ಕೆ ಪಶುವೈದ್ಯರ ಬಳಿ ಅಟ್ರೊಪಿನ್ ಚುಚ್ಚುಮದ್ದಿದೆ, ಅಡುಗೆಮನೆಯಲ್ಲಿ ಏನೂ ಇಲ್ಲ.

ಇವೆಲ್ಲಕ್ಕಿಂತ ಮೋಸ ಹೋಗುವ ಎರಡು ಸಂದರ್ಭಗಳ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಆರು ತಿಂಗಳೊಳಗಿನ, ಲಸಿಕೆ ಹಾಕಿಸದ ಮರಿ ಕಕ್ಕುತ್ತಿದ್ದು, ರಕ್ತ ಬೆರೆತ ಗಬ್ಬುನಾತದ ಭೇದಿ ಶುರುವಾಗಿದ್ದರೆ ನಿನ್ನೆ ತಿಂದ ಮೊಸರನ್ನದ ಮೇಲೆ ತಪ್ಪು ಹೊರಿಸಬಾರದು. ಅದು ಬಹುಮಟ್ಟಿಗೆ ಪಾರ್ವೊ. 1978ರ ಹೊತ್ತಿಗೆ ಜಗತ್ತಿನಾದ್ಯಂತ ಕಾಣಿಸಿಕೊಂಡ ಈ ವೈರಸ್ ಕಾಯಿಲೆಯಲ್ಲಿ ಮರಿಯನ್ನು ಕೊಲ್ಲುವುದು ಮುಖ್ಯವಾಗಿ ನೀರಿನಂಶದ ಕೊರತೆ. ಡ್ರಿಪ್ ಹಾಕಿಸಿದವುಗಳಲ್ಲಿ ಹೆಚ್ಚಿನವು ಬದುಕುತ್ತವೆ, 'ಒಂದು ದಿನ ನೋಡೋಣ' ಎಂದು ಬಿಟ್ಟವು ಉಳಿಯುವುದು ಅಪರೂಪ. ಎರಡನೆಯದು ಮನುಷ್ಯರ ಜೀವದ ಪ್ರಶ್ನೆ. ನಾಯಿಯ ಕೆಳದವಡೆ ಜೋತುಬಿದ್ದಿದೆ, ಜೊಲ್ಲು ಸುರಿಯುತ್ತಿದೆ, ನೀರು ಕೊಟ್ಟರೂ ನುಂಗಲಾರದು, ಬೊಗಳುವ ದನಿ ಬದಲಾಗಿದೆ: ನೋಡಿದವರು 'ಗಂಟಲಲ್ಲಿ ಎಲುಬು ಸಿಕ್ಕಿದೆ' ಎಂದು ಬಾಯೊಳಗೆ ಕೈ ಹಾಕುತ್ತಾರೆ. ಎಲುಬೂ ಇರಬಹುದು. ಆದರೆ ರೇಬೀಸಿನ ಒಂದು ರೂಪ, ಕಚ್ಚಲು ಮೈಮೇಲೆ ಬೀಳದ ಮಂಕುರೂಪ, ಥೇಟ್ ಹೀಗೆಯೇ ಕಾಣುತ್ತದೆ. ಬರಿಗೈಯಲ್ಲಿ ಆ ಬಾಯಿ ಮುಟ್ಟಬಾರದು. ಆಗಲೇ ಮುಟ್ಟಿಬಿಟ್ಟಿದ್ದರೆ, ಕೈಯಲ್ಲಿ ಗೀರು ಗಾಯ ಇರಲಿ ಬಿಡಲಿ, ಹರಿಯುವ ನೀರಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆಯ ಬಗ್ಗೆ ಕೇಳಬೇಕು. ಮದ್ದು ಕುಡಿಸಲು ಬಾಯಿ ಅಗಲಿಸುವ ರೂಢಿ ಬಿಡಬೇಕೆನ್ನಲು ಬೇರೆ ಯಾವ ಕಾರಣವೂ ಇಲ್ಲದಿದ್ದರೆ ಇದೊಂದೇ ಸಾಕಿತ್ತು.

ಎರಡನೆಯ ಆಕ್ಷೇಪ ಅನುಭವದ್ದು: 'ಉಪ್ಪುನೀರು ಕುಡಿಸಿ ನಾಯಿ ಬದುಕಿದ್ದನ್ನು ಕಣ್ಣಾರೆ ಕಂಡಿದ್ದೇವೆ.' ಕಂಡಿರುವುದು ನಿಜ. ಆದರೆ ನಾಯಿ ಸುಲಭವಾಗಿ ಕಕ್ಕುವ ಪ್ರಾಣಿ. ಹಳಸಿದ್ದು, ಜಾಸ್ತಿಯಾದದ್ದು, ಒಗ್ಗದ್ದು ತಿಂದಾಗ ಅದು ತಾನೇ ಕಕ್ಕಿ, ಹುಲ್ಲು ಮೇಯ್ದು, ಒಂದು ಹೊತ್ತು ಉಪವಾಸ ಬಿದ್ದು ಮರುದಿನ ಎದ್ದು ಬಾಲ ಅಲ್ಲಾಡಿಸುತ್ತದೆ. ಕಕ್ಕುವ ನಾಯಿಗಳಲ್ಲಿ ಹೆಚ್ಚಿನವು ಇಂಥವೇ. ಅವುಗಳಿಗೆ ಉಪ್ಪುನೀರು ಕುಡಿಸಿದರೂ ಬದುಕುತ್ತಿದ್ದವು, ಕುಡಿಸದಿದ್ದರೂ ಬದುಕುತ್ತಿದ್ದವು, ಅಂತ್ರ ಕಟ್ಟಿದ್ದರೂ ಬದುಕುತ್ತಿದ್ದವು. ಕೀರ್ತಿ ಮಾತ್ರ ಆ ದಿನ ಕೈಗೆ ಸಿಕ್ಕ ಮದ್ದಿಗೆ. ಸತ್ತ ನಾಯಿಯ ವಿಷಯದಲ್ಲಿ ಯಾರೂ ಮದ್ದನ್ನು ದೂರುವುದಿಲ್ಲ, 'ಟೈಮ್ ಮೀರಿತ್ತು' ಎನ್ನುತ್ತಾರೆ. ಗೆದ್ದಾಗ ಮದ್ದು, ಸೋತಾಗ ಹಣೆಬರಹ ಎಂಬ ಈ ಲೆಕ್ಕದಲ್ಲಿ ಯಾವ ಮದ್ದೂ ಎಂದೂ ಸೋಲುವುದಿಲ್ಲ. ಇದೇ ಸಾಲಿಗೆ ಸೇರುವುದು ಮನುಷ್ಯರ ಮಾತ್ರೆ. ಜ್ವರಕ್ಕೆಂದು ಪ್ಯಾರಾಸಿಟಮಾಲ್, ನೋವಿಗೆಂದು ಐಬುಪ್ರೊಫೆನ್, ಡೈಕ್ಲೋಫೆನಾಕ್ ಅರ್ಧ ಮುರಿದು ಹಾಕುವುದುಂಟು. ಇವುಗಳಲ್ಲಿ ಕೊನೆಯ ಎರಡು ಮಾತ್ರೆಗಳು ಹೊಟ್ಟೆ ಕೆಟ್ಟ ನಾಯಿಯ ಜಠರದಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿಗೂ ಪೆಟ್ಟು. ಅಂದಹಾಗೆ ನಾಯಿಯ ಸಹಜ ಮೈಬಿಸಿಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಕೈಗೆ ಬೆಚ್ಚಗೆ ತಾಗಿದ ಮಾತ್ರಕ್ಕೆ ಜ್ವರವಲ್ಲ.

ಮೂರನೆಯ ಆಕ್ಷೇಪವೇ ನಿಜಕ್ಕೂ ತೂಕದ್ದು. ಭಾನುವಾರ ರಾತ್ರಿ ಹತ್ತು ಗಂಟೆಗೆ ನಾಯಿ ಕಕ್ಕಿದರೆ ಕುಷ್ಟಗಿ ತಾಲೂಕಿನ ಹಳ್ಳಿಯಲ್ಲಿ ಡಾಕ್ಟರು ಎಲ್ಲಿ ಸಿಗಬೇಕು? ನಮ್ಮ ಪಶು ಆಸ್ಪತ್ರೆಗಳು ಕಟ್ಟಿದ್ದೇ ಎತ್ತು, ಎಮ್ಮೆ, ಕುರಿಗಳಿಗಾಗಿ. ಪಶು ಸಂಜೀವಿನಿ ವಾಹನ ಕರೆಯುವ 1962 ಸಂಖ್ಯೆ ಇದೆ, ಹಗಲಲ್ಲಿ ಅದಕ್ಕೆ ಫೋನ್ ಮಾಡಿ ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಅದರ ಮೊದಲ ಕೆಲಸ ದನಕರುಗಳದ್ದು, ರಾತ್ರಿ ನಾಯಿಗಾಗಿ ಅದನ್ನೇ ನಂಬಿ ಕೂರುವಂತಿಲ್ಲ. ಮುನಿರಾಬಾದಿನವರಿಗೆ ಹೊಳೆ ದಾಟಿದರೆ ಹೊಸಪೇಟೆ, ಇತ್ತ ಕೊಪ್ಪಳ. ಗದಗಿನಲ್ಲಿ ಪಶುವೈದ್ಯ ಕಾಲೇಜೇ ಇದೆ. ಯಲಬುರ್ಗಾದ ಒಳಹಳ್ಳಿಗೆ ಇವೆಲ್ಲ ದೂರದ ಮಾತು. 'ಡಾಕ್ಟರು ಇಲ್ಲದ ಕಡೆ ಏನಾದರೂ ಮಾಡಲೇಬೇಕಲ್ಲ' ಎಂಬ ಪ್ರಶ್ನೆಗೆ ಉತ್ತರ 'ಏನೂ ಮಾಡಬೇಡಿ' ಎಂಬುದಲ್ಲ. ಮಾಡುವ ಕೆಲಸ ಬೇಕಾದಷ್ಟಿದೆ, ಯಾವುದೂ ನಾಯಿಯ ಬಾಯೊಳಗೆ ಇಲ್ಲ.

ಮೊದಲು ಉಳಿದ ತಿನಿಸನ್ನೂ ನೀರಿನ ಬಟ್ಟಲನ್ನೂ ಎತ್ತಿಡಬೇಕು. ಅಡುಗೆಮನೆ, ಕಸದ ಬುಟ್ಟಿ, ಹಿತ್ತಲು, ಹೊಲದ ಬದು ನೋಡಿ ಬರಬೇಕು: ಯಾವ ಪೊಟ್ಟಣ ಹರಿದಿದೆ, ಎಷ್ಟು ಕಡಿಮೆಯಾಗಿದೆ, ಪಕ್ಕದವರು ಪಾಷಾಣ ಇಟ್ಟಿದ್ದರೇ. ಪೊಟ್ಟಣ ಸಿಕ್ಕರೆ ಅದರ ಮೇಲಿನ ಹೆಸರಿನ ಫೋಟೊ, ಕಕ್ಕಿದ್ದರ ಫೋಟೊ, ಸಾಧ್ಯವಾದರೆ ಅದರ ಒಂದಿಷ್ಟು ಮುಚ್ಚಳದ ಡಬ್ಬಿಯಲ್ಲಿ. ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು ನಿಮ್ಮ ತೂಕ ಕಳೆದರೆ ಅದರ ತೂಕ ಸಿಗುತ್ತದೆ. ಮೇಲೆ ಹೇಳಿದ ಅಷ್ಟೂ ಲೆಕ್ಕ ಆ ಒಂದು ಅಂಕಿಯ ಮೇಲೆ ನಿಂತಿದೆ. ಕಚ್ಚುವ ಸ್ವಭಾವವಿಲ್ಲದ, ಬಾಯಿ ಸರಿಯಾಗಿ ಮುಚ್ಚುತ್ತಿರುವ ಮನೆನಾಯಿಯಾದರೆ ಮೇಲ್ದುಟಿಯನ್ನು ಹೊರಗಿನಿಂದ ಸ್ವಲ್ಪ ಎತ್ತಿ ವಸಡನ್ನು ಬೆರಳಿಂದ ಒತ್ತಿ ಬಿಡಿ. ಬೆಳ್ಳಗಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ನಸುಗೆಂಪಾದರೆ ರಕ್ತಸಂಚಾರ ಸದ್ಯಕ್ಕೆ ಸರಿಯಿದೆ. ತಡವಾದರೆ, ಅಥವಾ ವಸಡು ಮೊದಲೇ ಬಿಳಿಚಿದ್ದರೆ ಅಪಾಯ. ಹೆಗಲ ಮೇಲಿನ ಚರ್ಮ ಚಿವುಟಿ ಬಿಟ್ಟಾಗ ಮಡಿಕೆ ಹಾಗೇ ನಿಂತರೆ ಮೈಯಲ್ಲಿ ನೀರು ಬತ್ತಿದೆ. ಇಷ್ಟು ತಿಳಿದುಕೊಂಡು ಫೋನ್ ಮಾಡಿದರೆ ಎಂಟು ಗಂಟೆ ದೂರದ ಡಾಕ್ಟರೂ ಕಾಯಬಹುದೇ, ಹೊರಡಬೇಕೇ ಎಂದು ಹೇಳಬಲ್ಲರು. 'ನಾಯಿ ಒದ್ದಾಡ್ತೈತ್ರಿ' ಎಂದಷ್ಟೇ ಹೇಳಿದರೆ ಪಕ್ಕದ ಬೀದಿಯ ಡಾಕ್ಟರೂ ಏನು ಹೇಳಿಯಾರು?

ಎಲ್ಲದಕ್ಕೂ ಗಾಡಿ ಹತ್ತಿಸಬೇಕಾಗಿಲ್ಲ. ದೊಡ್ಡ ನಾಯಿ, ಒಂದೆರಡು ಸಲ ಕಕ್ಕಿದೆ, ಕರೆದರೆ ಬರುತ್ತದೆ, ವಸಡು ಸರಿಯಿದೆ, ತಿಂದದ್ದು ಹಳಸಿದ ಅನ್ನವಷ್ಟೇ ಎಂದು ಖಾತ್ರಿಯಿದೆ ಅಂದರೆ ಒಂದು ಹೊತ್ತು ಊಟ ತಪ್ಪಿಸಿ, ವಾಂತಿ ನಿಂತ ಮೇಲೆ ಗಂಟೆಗೊಮ್ಮೆ ನಾಲ್ಕು ಚಮಚ ನೀರು ಬಟ್ಟಲಲ್ಲಿಟ್ಟು ನೋಡಬಹುದು. ಅದು ತಾನೇ ನೆಕ್ಕಬೇಕು. ಹೊಟ್ಟೆ ಡೋಲಿನಂತೆ ಉಬ್ಬಿ, ಕಕ್ಕಲು ಯತ್ನಿಸಿದರೂ ಏನೂ ಬರದಿದ್ದರೆ ಜಠರ ತಿರುಚಿಕೊಂಡಿರಬಹುದು. ಮುಧೋಳ ತಳಿಯಂಥ ಆಳ ಎದೆಯ ನಾಯಿಗಳಲ್ಲಿ ಇದರ ಭಯ ಹೆಚ್ಚು, ಅಲ್ಲಿ ಬೆಳಗಾಗುವವರೆಗೆ ಕಾಯುವಂತಿಲ್ಲ. ರಕ್ತ ಕಂಡರೆ, ನಡುಕ ಫಿಟ್ಸ್ ಬಂದರೆ, ಮರಿಯಾದರೆ, ತಿಂದದ್ದು ದ್ರಾಕ್ಷಿ, ಗಮ್, ಪಾಷಾಣ ಎಂದು ಗೊತ್ತಾದರೆ ನಾಯಿ ಚೆನ್ನಾಗಿಯೇ ಕಂಡರೂ ಹೊರಡಬೇಕು. ತಿಂದು ಒಂದೆರಡು ಗಂಟೆಯೊಳಗೆ ತಲುಪಿದರೆ ವೈದ್ಯರು ಯಾವಾಗ ವಾಂತಿ ಮಾಡಿಸಬಹುದು, ಯಾವಾಗ ಕೂಡದು ಎಂದು ತೂಗಿನೋಡಿ ಚುಚ್ಚುಮದ್ದಿನಿಂದ ಮಾಡಿಸುತ್ತಾರೆ. ವಿಷ ಹೀರುವ ಸಕ್ರಿಯ ಇದ್ದಿಲು ಕೊಡುತ್ತಾರೆ, ಡ್ರಿಪ್ ಹಾಕುತ್ತಾರೆ. ಉಳ್ಳಾಗಡ್ಡಿಗೆ, ದ್ರಾಕ್ಷಿಗೆ, ಚಾಕೊಲೇಟಿಗೆ ಪ್ರತಿವಿಷ ಎಂಬುದಿಲ್ಲ. ಮೈ ತಾನೇ ಸುಧಾರಿಸಿಕೊಳ್ಳುವಷ್ಟು ಹೊತ್ತು ಅದನ್ನು ನಿಲ್ಲಿಸಿಡುವುದೇ ಚಿಕಿತ್ಸೆ. ಹಾಗಾಗಿ ಬೇಗ ತಲುಪಿದ್ದಕ್ಕೆ ಬೆಲೆ, ದಾರಿಯಲ್ಲಿ ಏನು ಕುಡಿಸಿದಿರಿ ಎಂಬುದಕ್ಕಲ್ಲ. ಕುಡಿಸಿದ್ದರೆ ಮುಚ್ಚಿಡದೆ ಹೇಳಬೇಕು.

ಹಾಗಾದರೆ ನಾಯಿಗೆ ಮನೆಯೂಟ ಹಾಕುವುದನ್ನೇ ನಿಲ್ಲಿಸಬೇಕೇ ಎಂದರೆ, ಈ ವಾದ ಅಲ್ಲಿಗೆ ಹೋಗುವುದಿಲ್ಲ. 2025ರ ಜುಲೈನಲ್ಲಿ ಬೆಂಗಳೂರು ಪಾಲಿಕೆ ಸುಮಾರು ಐದು ಸಾವಿರ ಬೀದಿನಾಯಿಗಳಿಗೆ ದಿನವೂ ಊಟ ಹಾಕಿಸುವ ಯೋಜನೆ ಪ್ರಕಟಿಸಿದಾಗ ಖರ್ಚಿನ ಬಗ್ಗೆ ದೊಡ್ಡ ಗದ್ದಲವಾಯಿತು. ಊಟದ ಪಟ್ಟಿಯನ್ನು ನೋಡಿದವರು ಕಡಿಮೆ. ಕೋಳಿಮಾಂಸ, ಅನ್ನ, ತರಕಾರಿ, ಚಿಟಿಕೆ ಅರಿಶಿನ: ಗದ್ದಲ ಏನೇ ಇರಲಿ, ಪಟ್ಟಿ ಸರಿಯಾಗಿತ್ತು. ಮರುತಿಂಗಳು, ಆಗಸ್ಟ್ 22ರಂದು, ಸುಪ್ರೀಂ ಕೋರ್ಟ್ ಬೀದಿನಾಯಿಗಳಿಗೆ ಗೊತ್ತುಪಡಿಸಿದ ಜಾಗದಲ್ಲೇ ಊಟ ಹಾಕಬೇಕೆಂದಿತು. ಜಾಗದ ಚರ್ಚೆ ಮುಗಿಯದ್ದು. ಏನು ಹಾಕಬೇಕೆಂಬುದಕ್ಕೆ ಮಾತ್ರ ಕೋರ್ಟು ಬೇಕಿಲ್ಲ. ಒಗ್ಗರಣೆ ಬೀಳುವ ಮುನ್ನ ಒಂದು ಸೌಟು ತೆಗೆದಿಡುವುದು, ಹರಕೆಯೂಟದ ಎಲುಬನ್ನು ಎಲೆಯ ಜೊತೆ ಎಸೆಯದೆ ಬೇರೆ ಚೀಲಕ್ಕೆ ಹಾಕುವುದು, ಇಷ್ಟೇ.

ಚೇತರಿಸಿಕೊಂಡ ನಾಯಿಯ ಊಟದ ಬಗ್ಗೆ ಮನೆಯವರು ಮಾಡುವ ಆತುರ ಇನ್ನೊಂದು. ಒಂದು ದಿನ ಉಪವಾಸವಿದ್ದದ್ದಕ್ಕೆ ಮರುಗಿ ಎರಡು ಪಾಲು ಹಾಕಿದರೆ ಮತ್ತೆ ಕಕ್ಕುತ್ತದೆ. ಮೆತ್ತಗೆ ಬೇಯಿಸಿದ ಅನ್ನ ಅಥವಾ ಜೋಳದ ನುಚ್ಚಿನ ಗಂಜಿ, ಸಿಕ್ಕರೆ ಚರ್ಮ, ಎಲುಬು, ಮಸಾಲೆ ಇಲ್ಲದ ಬೆಂದ ಕೋಳಿ, ದಿನಕ್ಕೆ ನಾಲ್ಕೈದು ಸಲ ಮುಷ್ಟಿ ಮುಷ್ಟಿ. ಎರಡು ಮೂರು ದಿನದಲ್ಲಿ ನಿಧಾನವಾಗಿ ರೂಢಿಯ ಊಟಕ್ಕೆ ತರಬಹುದು. ಮರಿಗಳನ್ನು ಮಾತ್ರ ಹೊತ್ತುಗಟ್ಟಲೆ ಉಪವಾಸ ಕೆಡವಬಾರದು, ಅವುಗಳ ರಕ್ತದ ಸಕ್ಕರೆ ಬೇಗ ಇಳಿಯುತ್ತದೆ. ತಿಂದದ್ದರಲ್ಲಿ ಉಳ್ಳಾಗಡ್ಡಿ ಬಳ್ಳೊಳ್ಳಿ ಹೆಚ್ಚಿತ್ತೆಂಬ ಅನುಮಾನವಿದ್ದರೆ ನಾಯಿ ಎದ್ದು ಓಡಾಡಿದರೂ ಒಂದು ವಾರದವರೆಗೆ ಅದು ಉಚ್ಚೆ ಹೊಯ್ಯುವಾಗ ನೋಡುತ್ತಿರಬೇಕು. ಬಣ್ಣ ಚಹಾದ ಡಿಕಾಕ್ಷನ್ನಿನಂತೆ ಕಂದುಗೆಂಪಾಗಿದ್ದರೆ ಒಡೆದ ರಕ್ತಕಣಗಳು ಕಿಡ್ನಿಯ ದಾರಿಯಾಗಿ ಹೊರಬರುತ್ತಿವೆ ಎಂದರ್ಥ, ಅಂದೇ ವಸಡನ್ನು ಮತ್ತೊಮ್ಮೆ ನೋಡಿ ರಕ್ತ ಪರೀಕ್ಷೆಗೆ ಒಯ್ಯಬೇಕು.